ಕಾಣೆಯಾದ ಎರಡನೆಯ ಹಾಳೆ

"ಅಮ್ಮಾ, ಎರಡನೇ ಹಾಳೆ ಎಲ್ಲಿ?"

ಮದುವೆ ವಿಮೆಯ ಅರ್ಜಿ ಹಿಡಿದು ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂದನೆಯ ಹಾಳೆ ಇತ್ತು, ಮೂರನೆಯದಿತ್ತು. ನಡುವಿನದು ಮಾಯ! ಅರ್ಜಿ ಕೊಡಲು ಅಂದೇ ಕೊನೆಯ ದಿನ. ಪುಸ್ತಕಗಳಿಗೆ ರಟ್ಟು ಕಟ್ಟುವ ನನ್ನ ಕೆಲಸದ ಮೇಜಿನ ಮೇಲೆ ಅರ್ಜಿ ನಿನ್ನೆಯಿಂದ ಬಿದ್ದಿತ್ತು.

ವಿಮೆ ಬೇಕೋ ಬೇಡವೋ ಎಂದು ವಾರದಿಂದ ಜಟಾಪಟಿ. ಮದುವೆ ಮುಂದಕ್ಕೆ ಹೋದರೆ ಹಾಲ್‌ನ ಮುಂಗಡ ಹಿಂದೆ ಬಾರದು. ಅದು ಮಗಳ ನಾಲ್ಕು ವರ್ಷದ ಉಳಿತಾಯ. ಗ್ಯಾರೇಜಿನ ಮೆಕ್ಯಾನಿಕ್ ಆದ ನಮ್ಮವರದು ಒಂದೇ ಹಟ— "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಕೇಳಿದ್ದೆ. ಮದುವೆಗೆ ಮುಂಚೆ, ಮದುವೆ ನಿಂತರೆ ಏನು ಗತಿ ಅನ್ನೋದು ಇದೇ ಮೊದಲು!"

ಅನುಮಾನ ಅವರ ಮೇಲೇ ಹೋಯಿತು. ಕೋರ್ಟಿನ ದಾಖಲೆ ಕೊಠಡಿಯಲ್ಲಿ ಕೆಲಸ ಮಾಡುವ ನನ್ನ ತಂಗಿ ವಿಚಾರಣೆಗಿಳಿದಳು.

"ಭಾವ, ನಿಜ ಹೇಳಿ. ಹರಿದುಹಾಕಿದ್ರಾ?"

"ನಾನ್ಯಾಕೆ ಹರೀಲಿ? ಬೇಡ ಅಂತ ಬಾಯಲ್ಲೇ ಹೇಳಿದೀನಲ್ಲ."

"ನಿಮ್ಮ ಕನ್ನಡಕ ಅರ್ಜಿ ಮೇಲೇ ಇತ್ತು."

"ಓದ್ದೆ. ಓದೋದೂ ತಪ್ಪಾ?"

"ಅಪ್ಪಾ, ಕದ್ದು ಯಾಕೆ ಮಾಡಿದ್ರಿ?" ಮಗಳ ಕಣ್ಣು ತುಂಬಿತು.

ಅವರು ಮೂಲೆಯ ಕುರ್ಚಿಯಲ್ಲಿ ಕುಗ್ಗಿ ಕೂತರು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

"ಆ ಹಾಳೇಲಿ ಏನಿತ್ತೇ?" ತಂಗಿ ಕೇಳಿದಳು.

"ಪ್ರಶ್ನೆಗಳು, ಚಿಕ್ಕಮ್ಮ. ಹತ್ತಿರದವರಿಗೆ ಕಾಯಿಲೆ ಇದೆಯಾ, ಆಪರೇಷನ್ ನಿಗದಿಯಾಗಿದೆಯಾ ಅಂತ. ಇದ್ರೆ ವಿಮೆ ಸಿಗಲ್ಲ, ಮುಚ್ಚಿಟ್ರೆ ಪರಿಹಾರ ಇಲ್ಲ. ಅಪ್ಪ ಅಮ್ಮ ಇಬ್ಬರೂ ಸಹಿ ಹಾಕ್ಬೇಕು."

ತಂಗಿ ಅರ್ಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು.

"ಭಾವ, ಎದ್ದು ಬನ್ನಿ. ನೀವಲ್ಲ."

"ಹೇಗೆ ಹೇಳ್ತೀಯ?"

"ಎಲ್ಲರೂ ಇಲ್ಲದ ಹಾಳೆ ಹುಡುಕಿದ್ವಿ, ಇರೋ ಸ್ಟೇಪ್ಲರ್ ಪಿನ್ ನೋಡಲಿಲ್ಲ. ನಿಮ್ಮ ಗ್ಯಾರೇಜಿನ ಕೈ ಆಗಿದ್ರೆ ಎಳೆದು ಹರೀತಿತ್ತು. ಮೂಲೇಲಿ ಚೂರು ಉಳೀತಿತ್ತು. ಇಲ್ಲಿ ಪಿನ್ನಿನ ಕಾಲು ಬಿಡಿಸಿ, ಹಾಳೆ ತೆಗೆದು, ಅದೇ ಪಿನ್ನನ್ನ ಅದೇ ತೂತಿಗೆ ಹಾಕಿ ಮಡಚಿದಾರೆ. ಒಂದು ಗೀರಿಲ್ಲ. ಕದಿಯೋವಾಗ್ಲೂ ಕಾಗದಕ್ಕೆ ನೋವಾಗಬಾರದು ಅನ್ನೋರು ಈ ಮನೇಲಿ ಒಬ್ಬರೇ."

ಅವಳು ನನ್ನ ಒದ್ದೆ ಕೈಗಳನ್ನು ನೋಡಿದಳು.

"ಅಕ್ಕಾ, ಹಾಳೆ ಎಲ್ಲಿಟ್ಟಿದೀಯ?"

ಹಿಟ್ಟಿನ ಡಬ್ಬಿಯ ಕೆಳಗಿನಿಂದ ತೆಗೆದುಕೊಟ್ಟೆ. ಜೊತೆಗೆ ಡಾಕ್ಟರ ಚೀಟಿಯೂ ಬಂತು. ನನ್ನ ಹೊಟ್ಟೆಯಲ್ಲಿ ಗಡ್ಡೆ; ಎರಡು ವಾರದೊಳಗೆ ಆಪರೇಷನ್ ಆಗಬೇಕು. ಮದುವೆಗೆ ಇನ್ನು ಒಂದೇ ತಿಂಗಳಿತ್ತು; ಅದೊಂದು ಮುಗಿದುಬಿಡಲಿ ಅಂದುಕೊಂಡಿದ್ದೆ. ಸುಳ್ಳಿಗೆ ಸಹಿ ಹಾಕುವ ಧೈರ್ಯ ಬರಲಿಲ್ಲ, ನಿಜ ಬರೆಯುವ ಧೈರ್ಯವೂ ಬರಲಿಲ್ಲ.

ನಮ್ಮವರು ಚೀಟಿಯನ್ನು ಎರಡು ಸಲ ಓದಿದರು. ಮೆಲ್ಲಗೆ ಅಂದರು, "ಕಾಯಿಲೆ ಮುಚ್ಚಿಟ್ಟಿದ್ದು ಇರಲಿ. ಮಗಳು ನನ್ನ ಕಳ್ಳ ಅಂದಾಗ ಸುಮ್ನೆ ಇದ್ಯಲ್ಲೇ."



ಮಗಳು ಅಪ್ಪನ ಕೈ ಹಿಡಿದುಕೊಂಡೇ ಹಾಲ್‌ನವರಿಗೆ ಫೋನು ಹಚ್ಚಿದಳು.

"ಮದುವೆ ದಿನ ಮುಂದಕ್ಕೆ ಹಾಕ್ತಿದೀವಿ… ಹೌದು, ಮುಂಗಡ ಹೋಗುತ್ತೆ, ಗೊತ್ತು… ಇಲ್ಲ ಸರ್, ವಿಮೆ ಮಾಡಿಸಿಲ್ಲ. ಅಮ್ಮನಿಗೆ ಹುಷಾರಿಲ್ಲ."