ಶೆಡ್ಡಿಗೆ ಎಸೆದ ಟೈರುಗಳು

ಕರುಂಬಾ ಊರಾಚೆ, ಕಡಲಂಚಿನ ಕೆಸರುಬಯಲಲ್ಲಿ ಅಣ್ಣ ಡೆಸ್ಮಂಡನ ಜೀಪು ಸಿಕ್ಕಿತು, ಅವನು ಸಿಗಲಿಲ್ಲ. ಅವನನ್ನು ಹುಡುಕಲೆಂದು ಅದೇ ಜೀಪಿಗೆ ಕೆಸರಲ್ಲಿ ಜಾರದ ಹೊಸ ಮಡ್ ಟೈರು ಹಾಕಿಸಿ, ಹಳೆಯವನ್ನು ಶೆಡ್ಡಿಗೆ ಎಸೆದೆ.

“ಹಳೇವೇ ಇರ್ಲಿ ಕಣೋ. ಅವ್ರು ಎಲ್ಲಿಗೆ ಹೋದ್ರು ಅಂತ ಅವಕ್ಕೇ ಗೊತ್ತು,” ಅಂದರು ಅತ್ತಿಗೆ ನೊರೀನ್.

“ಬೋಳು ಟೈರು ಹಾಕ್ಕೊಂಡು ನಾನೂ ಹೂತುಹೋಗ್ಲಾ ಅತ್ತಿಗೆ?” ಎಂದು ರೇಗಿ ಹೊರಟೆ.

ಬಿಸಿಲು ಸುಡುತ್ತಿದ್ದರೂ ಸ್ಟಿಯರಿಂಗ್ ತಣ್ಣಗೆ ಕೊರೆಯುತ್ತಿತ್ತು. ಬಯಲ ನಡುವೆ ಇಳಿದು ಹಿಂದೆ ನೋಡಿದೆ. ನಾನು ಬಂದ ದಾರಿಯುದ್ದಕ್ಕೂ ಮೂಡಿದ್ದು ಹಳೆಯ ಟೈರಿನ ಬೋಳು ಅಚ್ಚು. ಡೆಸ್ಮಂಡ್ ಬಂಡೆಗೆ ಉಜ್ಜಿ ಕಿತ್ತುಹಾಕಿದ್ದ ಅಂಚಿನ ಗುರುತೂ ಅದರಲ್ಲಿತ್ತು. ಜೀಪು ತಿರುಗಿಸಿದೆ.

ಮನೆ ಮುಟ್ಟಿದಾಗ ಹೊಸ ಟೈರಿಗೆ ಒಂದು ಚೂರೂ ಕೆಸರು ಮೆತ್ತಿರಲಿಲ್ಲ. ಅತ್ತಿಗೆ ಶೆಡ್ಡಿನ ಬಾಗಿಲಲ್ಲಿ ಅಳುತ್ತಾ ನಿಂತಿದ್ದರು. ಒಳಗೆ ಹಳೆಯ ಟೈರುಗಳಿಂದ ಹಸಿ ಕೆಸರು ತೊಟ್ಟಿಕ್ಕುತ್ತಿತ್ತು. ಮುಟ್ಟಿ ನೋಡಿದೆ, ಆಗಷ್ಟೇ ದೂರದಿಂದ ಓಡಿಬಂದಂತೆ ಬಿಸಿಯಾಗಿದ್ದವು.