ಹನ್ನೊಂದನೇ ನಂಬರ್ ಮನೆ

"ಮನೆ ಎಲ್ಲಮ್ಮಿ?"

"ಇದೇ ಸಾರ್."

"ಯಾವ್ದು?"

"ಇದೇ... ನೀವು ನಿಂತಿದೀರಲ್ಲ, ಇದೇ!"

ಶಿವನಂಜ ಕಾಲ ಕೆಳಗೆ ನೋಡಿದ. ಕೆಂಪು ಮಣ್ಣು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಮಧ್ಯದಲ್ಲಿ ಯಾರದೋ ಆಡು ಮೇಯುತ್ತಿತ್ತು.

ಅವನು ತಲೆಯೆತ್ತಿದಾಗ ಕೈಯಲ್ಲಿ ಮಚ್ಚು ಇತ್ತು. ಮುಂದಿನ ಕ್ಷಣ ಅದು ನನ್ನ ಕುತ್ತಿಗೆಗೆ ಬಂತು!

"ಗೋಡೆ ಎಲ್ಲಿ? ಬಾಗ್ಲು ಎಲ್ಲಿ? ಸೂರು ಎಲ್ಲಿ?"

"ಅದನ್ನ ನೀವು ಕಟ್ಕೋಬೇಕು ಸಾರ್..."

ತಪ್ಪು ಉತ್ತರ. ಮಚ್ಚಿನ ತಣ್ಣನೆ ಅಂಚು ಚರ್ಮಕ್ಕೆ ತಾಗಿತು.

ನನ್ನ ಹೆಸರು ಗೋಕಿಲಾ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಸೆಕ್ಷನ್‌ನಲ್ಲಿದ್ದವಳು. ಕಾಲರಿನಲ್ಲಿ ಒಂದು ಹೊಲಿಗೆ ತಪ್ಪಿದ್ದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ನಿಂತು ನಿಂತು ಕಾಲು ಸೋತವು. ಕೆಲಸ ಬಿಟ್ಟೆ, ರಿಯಲ್ ಎಸ್ಟೇಟಿಗೆ ಬಂದೆ. ಇದು ನನ್ನ ಮೊದಲ ಡೀಲು. ಇದೇ ಕೊನೆಯದೂ ಆಗುವ ಹಾಗೆ ಕಾಣುತ್ತಿತ್ತು!

ತಪ್ಪು ಎಲ್ಲಾಯಿತು ಅಂತೀರಾ? ನಾಲಿಗೆಯಲ್ಲಿ.

ನಾವು ನೆಗಮಂ ಕಡೆಯ ನೇಕಾರರು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದಲ್ಲಿ ಮನೆ ಅಂದರೆ ಗೋಡೆ, ಬಾಗಿಲು, ಸೂರು. ತಮಿಳಿನಲ್ಲಿ ‘ಮನೈ’ ಅಂದರೆ ಖಾಲಿ ಸೈಟು. ಈ ಫೀಲ್ಡಿಗೆ ಬಂದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಮನೈ, ಮನೈ, ಮನೈ... ಬಾಯಿಗೆ ಅದೇ ಅಂಟಿಕೊಂಡಿತ್ತು.

ಶಿವನಂಜ ಚಾಮರಾಜನಗರದವನು. ಎರಡು ಜೆಸಿಬಿ ಇಟ್ಟುಕೊಂಡು ವಾಲ್ಪಾರೈ ಘಾಟಿಯಲ್ಲಿ ರಸ್ತೆ ಕೆಲಸ ಮಾಡಿಸುತ್ತಿದ್ದ. ಯಾರೋ ನಂಬರ್ ಕೊಟ್ಟರಂತೆ, ಫೋನ್ ಮಾಡಿದ.

"ನೀನು ಕನ್ನಡದೋಳಂತೆ. ಒಂದೊಳ್ಳೆ ಮನೆ ಇದ್ರೆ ನೋಡಮ್ಮಿ."

"ಸೂಲೂರು ಹತ್ರ ಫಸ್ಟ್ ಕ್ಲಾಸ್ ಮನೆ ಅದೆ ಸಾರ್!"

"ನೀರು?"

"ಬೋರ್ ಹಾಕವ್ರೆ."

"ಕರೆಂಟು?"

"ಕಂಬ ಬಂದದೆ."

"ದಿಕ್ಕು?"

"ಪೂರ್ವ."

ಎಲ್ಲಾ ಸರಿಹೋಯಿತು! ಘಾಟಿ ಇಳಿದು ಬರಲು ಅವನಿಗೆ ಪುರುಸೊತ್ತಿಲ್ಲ. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ನಾನು ತೋರಿಸಿದ್ದು ಹನ್ನೊಂದನೇ ನಂಬರ್ ಸೈಟು. ಅವನು ನೋಡಿದ್ದು ಅದರ ಹಿಂದಿನ ಮಹಡಿ ಮನೆ. ರೇಟು ಹೇಳಿದೆ. "ಇಷ್ಟೇನಾ?" ಅಂದ. ಇನ್ನೂ ಏರಿಸಬೇಕಿತ್ತಲ್ಲಾ ಅಂತ ನಾನು ಒಳಗೊಳಗೇ ಉರಿದುಕೊಂಡೆ. ರಿಜಿಸ್ಟ್ರೇಷನ್ ದಿನ ಸೀದಾ ಆಫೀಸಿಗೆ ಬಂದ, ಹೆಬ್ಬೆಟ್ಟು ಒತ್ತಿದ, ಸೀದಾ ಹೊರಟುಹೋದ. ಪತ್ರ ತಮಿಳಿನಲ್ಲಿತ್ತು. ನಾನೇ ಓದಿ ಹೇಳಿದ್ದೆ. ಅದರಲ್ಲೂ ಮನೈ ಅಂತಲೇ ಇತ್ತು!

ಈಗ ನೋಡಿದರೆ ಹೀಗೆ... ಮಚ್ಚು.

"ಸಾರ್, ಕ್ಯಾನ್ಸಲ್ ಮಾಡ್ಸೋಣ."

"ಕ್ಯಾನ್ಸಲ್ಲಾ? ಹೆಣ್ಣಿನೋರು ಮನೆ ನೋಡಕ್ಕೆ ಬತ್ತಾವ್ರೆ ಕಣಮ್ಮಿ! ಈಗ! ದಾರೀಲವ್ರೆ!"

ಅವನ ಹಿಂದೆ ಒಂದು ಗೂಡ್ಸ್ ಟೆಂಪೋ ನಿಂತಿತ್ತು. ಒಳಗೆ ಸೋಫಾ, ಫ್ರಿಜ್ಜು, ಬಾಗಿಲಿಗೆ ಕಟ್ಟಲು ಎರಡು ಬಾಳೆಗಿಡ. ಮಚ್ಚು ತಂದದ್ದು ಆ ಬಾಳೆಗಿಡ ಕಡಿಯಲು. ನನ್ನ ಕತ್ತು ಆಮೇಲೆ ಸೇರಿಕೊಂಡ ಕೆಲಸ.

ಗಂಡಿಗೆ ಸ್ವಂತ ಮನೆ ಇದ್ದರೆ ಮಾತ್ರ ಮುಂದಿನ ಮಾತು ಅಂತ ಹುಡುಗಿಯ ಸೋದರತ್ತೆ ಹೇಳಿದ್ದಳಂತೆ. ಶಿವನಂಜನಿಗೆ ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿತ್ತು. ಎಷ್ಟು ಕಡೆ ಹೆಣ್ಣು ನೋಡಿ ಎಷ್ಟು ಕಡೆ ಕಾಫಿ ಕುಡಿದು ಎದ್ದುಬಂದಿದ್ದನೋ!

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಮಚ್ಚು ಹಾಗೇ ಇತ್ತು. ಫೋನ್ ಎತ್ತಿದೆ.

ಧನಪಾಲ್. ಈ ಲೇಔಟಿನ ಪ್ರಮೋಟರ್. ಲೇಔಟಿಗೆ ಗ್ರೀನ್ ಗಾರ್ಡನ್ ಅಂತ ಹೆಸರಿಟ್ಟಿದ್ದಾನೆ. ಗ್ರೀನೂ ಇಲ್ಲ, ಗಾರ್ಡನ್ನೂ ಇಲ್ಲ. ಅವನು ಮಾತಾಡಿದ್ದು ತಮಿಳಿನಲ್ಲಿ, ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

"ಏನ್ ಗೋಕಿಲಾ, ಪಾರ್ಟಿಗೆ ಸಂತೋಷ ತಾನೆ?"

"ತುಂಬಾ ಸಂತೋಷ ಅಣ್ಣಾ... ಕುತ್ತಿಗೆ ತನಕ."

"ನೆನಪಿರ್ಲಿ. ಹನ್ನೊಂದು ನಿಂತ್ರೆ ಹನ್ನೆರಡು ನಿಂದು. ಹನ್ನೊಂದು ಬಿದ್ರೆ ಹನ್ನೆರಡನ್ನೂ ವಾಪಸ್ ಬರ್ಕೊಡ್ಬೇಕು. ಸೈನ್ ಹಾಕಿದೀಯ."

"ಗೊತ್ತಣ್ಣಾ."

"ಕೊಡ್ಲಿಲ್ಲಾಂದ್ರೆ ಮನೆಗೇ ಜನ ಕಳಿಸ್ತೀನಿ."

ಹನ್ನೆರಡನೇ ನಂಬರ್... ಪಕ್ಕದ ಮೂಲೆ ಸೈಟು. ಎರಡು ಕಡೆ ರಸ್ತೆ. ಪಿ.ಎಫ್. ದುಡ್ಡು ಹಾಕಿ, ಹನ್ನೊಂದನ್ನು ಮಾರಿಕೊಟ್ಟದ್ದಕ್ಕೆ ಕಡಿಮೆ ರೇಟಿನಲ್ಲಿ ನಾನು ನನ್ನ ಹೆಸರಿಗೆ ಬರೆಸಿಕೊಂಡ ಮೊದಲ ಆಸ್ತಿ!

ನಮ್ಮಮ್ಮನದು ಗುಂಡಿ ಮಗ್ಗ. ನೆಲ ಅಗೆದು, ಕಾಲು ಇಳಿಬಿಟ್ಟು ನೇಯಬೇಕು. ಬಾಡಿಗೆ ಮನೆಯಲ್ಲಿ ಯಾವ ಓನರ್ ನೆಲ ಅಗೆಯಲು ಬಿಡುತ್ತಾನೆ? ಒಬ್ಬ ಬಿಟ್ಟರೂ ಟಕಟಕ ಸದ್ದಿಗೆ ಆರು ತಿಂಗಳಲ್ಲಿ ಓಡಿಸುತ್ತಾನೆ. ಹೋಗುವಾಗ ಗುಂಡಿ ಮುಚ್ಚಿ ಹೋಗಬೇಕು. ಎಷ್ಟು ಗುಂಡಿ ಮುಚ್ಚಿದ್ದೇವೋ ನಾನು ಅಮ್ಮ ಸೇರಿ! ಹನ್ನೆರಡನೇ ನಂಬರಿನಲ್ಲಿ ಅಗೆದ ಗುಂಡಿಯನ್ನು ಯಾರಪ್ಪನಿಗೂ ಹೆದರಿ ಮುಚ್ಚಬೇಕಾಗಿರಲಿಲ್ಲ.

ಅದು ಹೋಗಬಾರದು. ಏನಾದರೂ ಆಗಲಿ... ಅದು ಹೋಗಬಾರದು!

"ಸಾರ್," ಅಂದೆ. "ಮಚ್ಚು ತೆಗೀರಿ. ಮನೆ ತೋರಿಸ್ತೀನಿ."

"ಎಲ್ಲಿ?"

"ಹಿಂದೆ."

ಹಿಂದಿನ ಮಹಡಿ ಮನೆ ಲೋಗನಾಥನ್ ಅವರದು. ಏರ್ ಫೋರ್ಸಿನಲ್ಲಿದ್ದು ರಿಟೈರ್ ಆದವರು. ಈಗ ಕೊಯಮತ್ತೂರಿನಲ್ಲಿ ಮಗಳ ಹತ್ತಿರ ಇದ್ದಾರೆ. ಬಾಡಿಗೆಗೆ ಪಾರ್ಟಿ ನೋಡಮ್ಮಾ ಅಂತ ಕೀ ಕೊಟ್ಟಿದ್ದರು. ಕೀ ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು.

"ಒಂದು ಗಂಟೆ ಮಟ್ಟಿಗೆ ಅದು ನಿಮ್ಮನೆ. ಅವ್ರು ಬಂದು ನೋಡಿ ಹೋಗ್ಲಿ. ಮದ್ವೆ ಆಗೋಷ್ಟ್ರಲ್ಲಿ ನೀವು ಇಲ್ಲಿ ಕಟ್ಕೊಳ್ಳಿ."

ಅವನು ಯೋಚಿಸಿದ. ಅವನು ಯೋಚಿಸುವಾಗ ಹಣೆಯೆಲ್ಲ ಸುಕ್ಕಾಗುತ್ತಿತ್ತು.

"ಸಿಕ್ಕಾಕೊಂಡ್ರೆ?"

"ಆವಾಗ ಕಡೀರಿ."

ಸೋಫಾ ಹೊತ್ತೆವು. ಒಂದು ಬಾಳೆಗಿಡ ಕಟ್ಟಿದೆವು. ಇನ್ನೊಂದಕ್ಕೆ ಕೈಹಾಕುವಾಗಲೇ ವ್ಯಾನು ಬಂತು!

ಮೊದಲು ಇಳಿದವಳು ಹುಡುಗಿಯ ಸೋದರತ್ತೆ ಬೆಳ್ಳಿಯಮ್ಮ. ಅನ್ನೂರು ಕಡೆಯ ತೋಟದವರು, ನಮ್ಮ ಹಾಗೇ ಒಳಗೆ ಕನ್ನಡ. ಆಮೇಲೆ ಒಂದು ಹಿಂಡು ನೆಂಟರು. ಕೊನೆಯಲ್ಲಿ ಹುಡುಗಿ, ಸತ್ಯಾ. ತಿರುಪ್ಪೂರಿನಲ್ಲಿ ಬಾಡಿಗೆ ಶೆಡ್ಡಿನಲ್ಲಿ ಸ್ವಂತ ಹೊಲಿಗೆ ಯೂನಿಟ್ ನಡೆಸುತ್ತಾಳಂತೆ. ಮಾತಿಲ್ಲ. ಕಣ್ಣು ಮಾತ್ರ ಎಲ್ಲಾ ಕಡೆ ಓಡುತ್ತಿತ್ತು. ಆ ಕಣ್ಣು ನನಗೆ ಗೊತ್ತು. ಚೆಕಿಂಗ್ ಸೆಕ್ಷನ್ನಿನ ಕಣ್ಣು!

"ಅಡುಗೆಮನೆ ಎಲ್ಲಿಂಗ ಮಾಪ್ಳೆ?" ಬೆಳ್ಳಿಯಮ್ಮ ಶಿವನಂಜನನ್ನು ಕೇಳಿದಳು. ಮಾಪ್ಳೆ ಅಂದರೆ ಅಳಿಯ, ಕೊನೆಯ ‘ಇಂಗ’ ನಮ್ಮ ಕಡೆಯ ಮರ್ಯಾದೆ.

ಶಿವನಂಜ ಗಂಭೀರವಾಗಿ ಒಂದು ಬಾಗಿಲು ತೆರೆದ. ಬಾತ್‌ರೂಮು.

"ಹೊಸ ಮನೆ, ಅಕ್ಕಾ... ಅವ್ರಿಗೆ ಇನ್ನೂ ಬಳಕೆ ಆಗಿಲ್ಲ," ಅಂದೆ.

ಸತ್ಯಾ ಗೋಡೆಯ ಮುಂದೆ ನಿಂತುಬಿಟ್ಟಿದ್ದಳು. ಅಲ್ಲಿ ಒಂದು ದೊಡ್ಡ ಫೋಟೋ. ಯೂನಿಫಾರ್ಮು, ಮೀಸೆ, ಸೆಲ್ಯೂಟು. ಅಯ್ಯೋ ಸಾಮೀ... ಅದನ್ನು ತೆಗೆಯಲು ಮರೆತಿದ್ದೆ!

"ಇವ್ರು ಯಾರು?" ಸತ್ಯಾ ಬಾಯಿ ಬಿಟ್ಟಳು.

ಶಿವನಂಜ ನನ್ನನ್ನು ನೋಡಿದ. ನಾನು ಫ್ಯಾನ್ ನೋಡಿದೆ.

"ನಮ್ಮ... ಮಾವ."

"ಯಾವ ಮಾವ?"

"ತೀರ್ಕಂಡ್ರು," ಅಂದ ಶಿವನಂಜ, ಕಣ್ಣು ಒರೆಸಿಕೊಂಡು.

ಬೆಳ್ಳಿಯಮ್ಮ ಫೋಟೋಗೆ ಕೈಮುಗಿದಳು.

ಆಗಲೇ ಹೊರಗೆ ಗೇಟು ಕಿರ್ರೆಂದಿತು. ಕಿಟಕಿಯಿಂದ ಬಗ್ಗಿ ನೋಡಿದೆ. ತೀರಿಕೊಂಡವರು ನಡೆದುಕೊಂಡು ಬರುತ್ತಿದ್ದರು! ಜೊತೆಗೆ ಎರಡು ರಾಜಪಾಳಯಂ ನಾಯಿ. ಕರುವಿನಷ್ಟು ಎತ್ತರ.

"ಸಾರ್, ಹಿಂದಿನ ಬಾಗಿಲು!" ಅಂದೆ ಶಿವನಂಜನಿಗೆ.

ಅವನು ಹೋಗಿ ತೆರೆದದ್ದು ಮತ್ತೆ ಬಾತ್‌ರೂಮು!

ವಾಪಸ್ ಬಂದವನು ದಿಕ್ಕು ತೋಚದೆ ಮುಂಬಾಗಿಲಿಗೇ ಓಡಿದ. ಬಾಳೆಗಿಡದ ಹತ್ತಿರ ಇಟ್ಟಿದ್ದ ಮಚ್ಚು ಗಾಬರಿಯಲ್ಲಿ ಕೈಗೆ ಬಂದಿತ್ತು. ಲೋಗನಾಥನ್ ತಮ್ಮ ಮನೆಯ ಬಾಗಿಲು ತೆಗೆದು ಮಚ್ಚು ಹಿಡಿದು ಬರುತ್ತಿರುವ ದೈತ್ಯನನ್ನು ನೋಡಿದರು.

"ತಿರುಡನ್!" ಅಂತ ಕೂಗಿದರು. ಕಳ್ಳ!

ಚೈನು ಬಿಟ್ಟರು.

"ಸಾರ್, ನಾನು ಗೋಕಿಲಾ! ಬ್ರೋಕರ್!" ಅಂತ ಕಿರುಚಿದೆ. ಅದೇ ಹೊತ್ತಿಗೆ ತಲೆಯ ಮೇಲೆ ಸೂಲೂರು ಏರ್ ಫೋರ್ಸ್ ನೆಲೆಯ ವಿಮಾನ ಹೋಗಬೇಕೆ! ನನ್ನ ಮಾತು ನನಗೇ ಕೇಳಿಸಲಿಲ್ಲ.

ಶಿವನಂಜ ಕಾಂಪೌಂಡ್ ಹಾರಿದ. ನಾಯಿಗಳೂ ಹಾರಿದವು. ಮಚ್ಚು ಎಲ್ಲೋ ಬಿತ್ತು. ಪಂಚೆ ಕಾಂಪೌಂಡಿನ ಕಂಬಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ಅವನು ಹತ್ತು, ಒಂಬತ್ತು, ಎಂಟನೇ ನಂಬರ್ ಸೈಟುಗಳನ್ನು ದಾಟಿ, ಒಂದು ಸುತ್ತು ಹೊಡೆದು, ಟೆಂಪೋ ಹತ್ತಿ, ಫ್ರಿಜ್ಜಿನ ಮೇಲೆ ಏರಿ ಕುಳಿತ. ನಾಯಿಗಳು ಕೆಳಗೆ ಕಾವಲು ಕುಳಿತವು.

ಬೆಳ್ಳಿಯಮ್ಮ ಲೋಗನಾಥನ್ ಅವರನ್ನು ನೋಡಿದಳು. ಫೋಟೋ ನೋಡಿದಳು. "ಪೇಯಿ... ಪೇಯಿ!" ಅಂತ ಸೋಫಾದ ಮೇಲೆ ಕುಸಿದಳು. ದೆವ್ವ ಅಂತ!

ನೆಂಟರು ಅವಳಿಗೆ ನೀರು ಚಿಮುಕಿಸಿದರು. ನಾನು ಲೋಗನಾಥನ್ ಅವರ ಕಾಲು ಹಿಡಿದು ಎಲ್ಲಾ ಹೇಳಿದೆ. ಅವರು ಬೈದ ಬೈಗುಳ ಇಲ್ಲಿ ಹೇಳುವಂಥದ್ದಲ್ಲ. ಕೀ ಕಿತ್ತುಕೊಂಡರು. "ಸತ್ತೋದೆ ಅಂತ ಹೇಳಿದ್ಯಾರು?" ಅನ್ನುವುದೇ ಅವರ ದೊಡ್ಡ ಸಿಟ್ಟು.

ಸತ್ಯಾ ಮಾತ್ರ ಮುಂದಿನ ಜಗಲಿಯಲ್ಲಿ ನಿಂತು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗು.

"ಅಕ್ಕಾ," ಅಂದಳು ನಗು ತಡೆದು. "ಅವ್ರು ನಿಜವಾಗ್ಲೂ ತಗೊಂಡಿದ್ದು ಯಾವ್ದು?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಕರೆದುಕೊಂಡು ಹೋಗಿ ಹನ್ನೊಂದನ್ನು ತೋರಿಸಿದೆ. ಮನೆ, ಮನೈ... ನನ್ನ ನಾಲಿಗೆಯ ತಪ್ಪನ್ನೂ ಹೇಳಿದೆ. ಅವಳು ಮತ್ತೆ ನಕ್ಕಳು. ಆಮೇಲೆ ನಗು ನಿಂತಿತು. ಕಲ್ಲಿನಿಂದ ಕಲ್ಲಿಗೆ ನಡೆದು ನೋಡಿದಳು.

"ಕಟ್ಟಿದ್ ಮನೆ ಅತ್ತೆಗೆ ಬೇಕಾಗಿತ್ತು. ನಂಗೆ ಬೇಕಾದ್ದು ಇದು. ಕೆಳಗೆ ಯೂನಿಟ್ಟು, ಮೇಲೆ ಮನೆ. ನನ್ ಪ್ಲಾನು, ನನ್ ಗೋಡೆ."

"ಅಂದ್ರೆ ಒಪ್ಗೆನಾ?" ಟೆಂಪೋ ಮೇಲಿಂದ ಶಿವನಂಜ ಕೂಗಿದ. ನಾಯಿ ಬೊಗಳಿತು. ಕಾಲು ಮೇಲೆತ್ತಿಕೊಂಡ.

"ಇರೀಂಗ!" ಅಂದಳು ಅವಳು. "ಇದೊಂದೇ ಆದ್ರೆ ಮಾಲು ತರೋ ಲಾರಿ ತಿರುಗಲ್ಲ. ಆ ಮೂಲೆ ಸೈಟು ಯಾರ್ದು?"

ನಾನು ಅವಳಿಗೆ ಅಡ್ಡ ಬಂದೆ.

"ಅದು ಮಾರೋಕಿಲ್ಲ."

"ಯಾರ್ದು ಅಂದೆ ಅಕ್ಕಾ."

"...ನಂದು."

ಅವಳು ನನ್ನ ಮುಖವನ್ನೇ ನೋಡಿದಳು. ಕರುಣೆ ಇತ್ತು. ಆದರೆ ವ್ಯಾಪಾರ ಅದಕ್ಕಿಂತ ಜಾಸ್ತಿ ಇತ್ತು.

"ಎರಡೂ ಸೇರಿದ್ರೆ ಸರಿ. ಇಲ್ಲಾಂದ್ರೆ ಹನ್ನೊಂದೂ ಬೇಡ. ಮಾಪ್ಳೆನೂ ಬೇಡ."

"ಕೊಟ್ಬುಡಮ್ಮೀ!" ಶಿವನಂಜ ಫ್ರಿಜ್ಜಿನ ಮೇಲಿಂದ ಕೈಮುಗಿದ. "ನಿನ್ ಕಾಲಿಗೆ ಬೀಳ್ತೀನಿ! ಇಳಿಯಕ್ಕಾದ್ರೆ ಈಗ್ಲೇ ಬೀಳ್ತೀನಿ!"

ನನ್ನ ಸ್ಥಿತಿ ನೋಡಿ. ಹನ್ನೆರಡನ್ನು ಮಾರಿದರೆ ಹೋಗುತ್ತದೆ. ಮಾರದಿದ್ದರೆ ಇವಳು ಹನ್ನೊಂದು ಬೇಡ ಅನ್ನುತ್ತಾಳೆ, ಅವನು ಕ್ಯಾನ್ಸಲ್ ಮಾಡುತ್ತಾನೆ, ಧನಪಾಲ್ ಹನ್ನೆರಡನ್ನೂ ವಾಪಸ್ ಬರೆಸಿಕೊಳ್ಳುತ್ತಾನೆ. ಎತ್ತ ತಿರುಗಿದರೂ ನನ್ನ ಮಣ್ಣು ನನ್ನದಲ್ಲ!

ಮೂಲೆ ಸೈಟಿಗೆ ಹೋಗಿ ನಿಂತೆ. ಹೋದ ವಾರ ಅಮ್ಮನನ್ನು ಇಲ್ಲಿಗೆ ಕರೆತಂದಿದ್ದೆ. ಚಪ್ಪಲಿ ಬಿಟ್ಟು ನಡೆದಾಡಿದ್ದಳು. "ಮಣ್ಣು ಗಟ್ಟಿ ಅದೆ ಮಗಳೇ, ಗುಂಡಿ ಕುಸಿಯಲ್ಲ" ಅಂದಿದ್ದಳು. ಮಚ್ಚು ಕತ್ತಿಗೆ ಬಂದಾಗ ಬಾರದ ಅಳು ಈಗ ಬಂತು. ಮೂಗು ಒರೆಸಿಕೊಂಡೆ. ಅಳುವ ಬ್ರೋಕರನ್ನು ನೋಡಿದರೆ ಪಾರ್ಟಿ ರೇಟು ಇಳಿಸುತ್ತಾರೆ.

ತಿರುಗಿ ಬಂದೆ.

"ಡಬಲ್ ರೇಟ್," ಅಂದೆ.

ಟೆಂಪೋ ಮೇಲೆ ಶಿವನಂಜ ಕೆಮ್ಮಿದ.

"ಸರಿ," ಅಂದಳು ಸತ್ಯಾ. ಅಷ್ಟೇ. ಚೌಕಾಸಿ ಇಲ್ಲ, ಮುಖ ಸಿಂಡರಿಸಲಿಲ್ಲ. ನನಗೆ ಹೆದರಿಕೆಯಾಯಿತು. ಡಬಲ್‌ನಲ್ಲಿ ಅಮ್ಮನಿಗೆ ಬೇರೆ ಕಡೆ ಜಾಗ ಸಿಗುತ್ತದೆ, ಗೊತ್ತು. ಇನ್ನೂ ದೊಡ್ಡದೇ ಸಿಗಬಹುದು. ಆದರೂ ಅಮ್ಮ ಚಪ್ಪಲಿ ಬಿಟ್ಟು ನಡೆದದ್ದು ಈ ಮಣ್ಣಿನ ಮೇಲೆ. ಅದಕ್ಕೆ ಏನಾದರೂ ಮೇಲೆ ಸಿಗಬೇಕಲ್ಲ!

"ಆಮೇಲೆ ನನ್ನ ಕಮಿಷನ್ನು..." ಅಂತ ಶುರುಮಾಡಿದೆ.

ಸತ್ಯಾ ನನ್ನ ಹೆಗಲ ಮೇಲೆ ಕೈಯಿಟ್ಟಳು. ಒಡಹುಟ್ಟಿದವಳ ಹಾಗೆ ನಕ್ಕಳು.

"ಓನರೇ ಮಾರ್ತಿದ್ದಾರಲ್ಲ ಅಕ್ಕಾ... ನಡುವೆ ಬ್ರೋಕರ್ ಎಲ್ಲಿಂಗ?"