ಕೆಂಪಾದ ಮರಳು

ಮೂರು ವರ್ಷದ ಇಂಚರಳ ರಕ್ತದಲ್ಲಿ ಸೀಸ! ಡಾಕ್ಟರು ಹೇಳಿದ್ದನ್ನು ಅಜ್ಜಿ ಸೊಣ್ಣಮ್ಮ ಎರಡೆರಡು ಸಲ ಕೇಳಿ ತಿಳಿದುಕೊಂಡರು. ಪದ್ಮನಾಭನಗರದ ತಮ್ಮ ಸೈಟಿನಲ್ಲಿ ಬಾಡಿಗೆಗೆ ಕೊಡಲು ಕಟ್ಟಿಸುತ್ತಿದ್ದ ಮನೆಯ ಪಾಯ ತುಂಬಿಸಲು ಅವರು ಬೊಮ್ಮನಹಳ್ಳಿಯ ಹಿತ್ತಾಳೆ ಫೌಂಡ್ರಿಯಿಂದ ಮರಳು ತರಿಸಿದ್ದರು. ಎರಕ ಹೊಯ್ದ ಮೇಲೆ ಬಿಸಾಡುವ ಮರಳು. ಮಗು ಆಡುತ್ತಿದ್ದುದೇ ಆ ಗುಡ್ಡೆಯಲ್ಲಿ.

ಅದು ‘ಅಪಾಯಕಾರಿಯಲ್ಲ’ ಎಂದು ವರದಿ ಕೊಟ್ಟಿದ್ದು ಜಯನಗರದ ಕಾತ್ಯಾಯಿನಿಯವರ ಲ್ಯಾಬು. ಪರೀಕ್ಷೆ ಮಾಡಿದವಳು ದಿವ್ಯ. ಈಗ ಗುಡ್ಡೆಯ ಮರಳನ್ನು ಪರೀಕ್ಷಿಸಿದರೆ ಸೀಸ ಮಿತಿ ಮೀರಿತ್ತು. ಲ್ಯಾಬಿನಲ್ಲಿ ಎತ್ತಿಟ್ಟಿದ್ದ ಹಳೆಯ ಸ್ಯಾಂಪಲ್ ಬಾಟಲಿಯ ಮರಳು ಮಾತ್ರ ಮತ್ತೆ ಪಾಸು! ತಾನೇ ಎಡವಿದೆನೇ? ದಿವ್ಯ ರಾತ್ರಿಯೆಲ್ಲ ತನ್ನ ಲೆಕ್ಕಗಳನ್ನು ಮತ್ತೆ ಮತ್ತೆ ತಿರುವಿ ನೋಡಿದಳು.

ಬೆಳಿಗ್ಗೆ ಎಲ್ಲರೂ ಸೈಟಿನಲ್ಲಿ ಸೇರಿದರು.

“ಡ್ರೈವರ್ ಬೇರೆ ಲೋಡ್ ತಂದಿರ್ತಾನೆ,” ಎಂದ ಫೌಂಡ್ರಿ ಮಾಲೀಕ ನಂದಕುಮಾರ್.

“ದೇವ್ರಾಣೆ ಇಲ್ಲ ಸಾರ್! ನಿಮ್ ಶೆಡ್ಡಿಂದಾನೇ ತುಂಬಿದ್ದು,” ಲಾರಿಯ ಹನಮಂತ ಸಿಡುಕಿದ.

“ಸ್ಯಾಂಪಲ್ ತಂದ್ಕೊಟ್ಟಿದ್ದು ಯಾರು?” ಕಾತ್ಯಾಯಿನಿ ಕೇಳಿದರು.

“ನಾನೇ ಮೇಡಂ. ಅದೇ ರಾಶಿಯಿಂದ,” ಎಂದ ಫೌಂಡ್ರಿಯ ಸಲಹೆಗಾರ ಭಾರ್ಗವ.

“ಸೊಣ್ಣಮ್ಮ, ಸುರಿದಾಗ ಮರಳು ಹೇಗಿತ್ತು?” ಕಾತ್ಯಾಯಿನಿ ಅಜ್ಜಿಯತ್ತ ತಿರುಗಿದರು.

“ಕರ್ರಗಿತ್ತು ಕಣಮ್ಮ. ಮಳೆ ಬಿದ್ಮೇಲೆ ಕೆಂಪಾಯ್ತು.”

ದಿವ್ಯ ಆ ಕೆಂಪನ್ನು ನೋಡಿದ್ದಳು. ಬೆಂಗಳೂರಲ್ಲವೇ, ಕೆಮ್ಮಣ್ಣು ಬೆರೆತಿದೆ ಎಂದು ಸುಮ್ಮನಾಗಿದ್ದಳು.

ಕಾತ್ಯಾಯಿನಿ ಬ್ಯಾಗಿನಿಂದ ಹಳೆಯ ಬಾಟಲಿ ತೆಗೆದು ಅದಕ್ಕೆ ಅಯಸ್ಕಾಂತ ತಾಗಿಸಿದರು. ಒಳಗಿನಿಂದ ಕಪ್ಪು ಪುಡಿ ಗಾಜಿಗೆ ಬಂದು ಅಂಟಿಕೊಂಡಿತು.

“ಹಿತ್ತಾಳೆ ಫೌಂಡ್ರೀಲಿ ಇಷ್ಟು ಕಬ್ಬಿಣ ಎಲ್ಲಿಂದ ಬಂತು? ದಿವ್ಯ, ನಿನ್ನ ಎಲ್ಲಾ ಪರೀಕ್ಷೇನೂ ಸರಿ. ಬಾಟ್ಲಿ ಬದಲಾಗಿಲ್ಲ, ಲೋಡೂ ಬದಲಾಗಿಲ್ಲ. ಮರಳಿಗೆ ಮೊದಲೇ ಕಬ್ಬಿಣದ ಪುಡಿ ಬೆರೆಸಿದ್ದಾರೆ. ಪರೀಕ್ಷೇಲಿ ನಾವು ಮರಳನ್ನ ಹುಳಿನೀರಲ್ಲಿ ಕಲಕಿ, ನೀರಿಗೆ ಇಳಿದ ಸೀಸ ಮಾತ್ರ ಅಳೀತೀವಿ. ಪುಡಿ ಹೊಸದಾಗಿರೋವರೆಗೂ ಅದು ಸೀಸಾನ ಹಿಡಿದಿಟ್ಕೊಳ್ಳುತ್ತೆ. ಮಳೇಲಿ ತುಕ್ಕು ಹಿಡೀತು ಅಂದ್ರೆ ಬಿಟ್ಬಿಡುತ್ತೆ. ಈ ಕೆಂಪು ಮಣ್ಣಲ್ಲ, ತುಕ್ಕು! ಮಗು ಬಾಯಿಗೆ ಕೈ ಹಾಕಿದ್ರಂತೂ ಸೀಸ ಹೊಟ್ಟೆಗೇ — ಅದನ್ನ ಯಾವ ಪುಡೀನೂ ತಡೆಯಲ್ಲ. ನಮ್ಮ ಪರೀಕ್ಷೆ ಹೇಗೆ ನಡೆಯುತ್ತೆ ಅಂತ ಡ್ರೈವರ್‌ಗೆ ಗೊತ್ತಿರಲ್ಲ. ನಂದಕುಮಾರ್, ಪುಡಿ ಹಾಕಿಸಿದ್ದು ಯಾರು?”

ನಂದಕುಮಾರ್ ತಬ್ಬಿಬ್ಬಾದ. “ಭಾರ್ಗವ... ಟ್ರೀಟ್‌ಮೆಂಟ್ ಅಂತ ಹೇಳಿ ಲೇತ್ ಅಂಗಡಿಯಿಂದ ತರಿಸಿದ್ರು. ನಾನು ನಂಬಿಬಿಟ್ಟೆ.”

“ಟೆಸ್ಟ್ ಪಾಸಾಯ್ತಲ್ಲ ಮೇಡಂ?” ಭಾರ್ಗವನ ದನಿ ಗಟ್ಟಿಯಾಗಿಯೇ ಇತ್ತು. “ಪಾಸಾದ್ಮೇಲೆ ಅದು ಅಪಾಯಕಾರಿ ಅಲ್ಲ. ನಾನ್ಮಾಡಿದ್ದು ಏನ್ ತಪ್ಪು?”

ಕಾತ್ಯಾಯಿನಿ ಮೊಬೈಲು ತೆಗೆದರು. ವರದಿ ಹಿಂತೆಗೆದುಕೊಳ್ಳುವುದಾಗಿ ತಿಳಿಸಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ಫೋನು ಹಚ್ಚಿದರು. ದಿವ್ಯಳಿಗೆ ತನ್ನ ತಪ್ಪಲ್ಲವೆಂದು ತಿಳಿದರೂ ಸಮಾಧಾನವಾಗಲಿಲ್ಲ. ಮಗುವಿನ ಮೈ ಸೇರಿದ ಸೀಸ ಹಿಂದಕ್ಕೆ ಬರುವುದೇ?

ಸೊಣ್ಣಮ್ಮ ಭಾರ್ಗವನ ಮುಂದೆ ಬಂದು ನಿಂತರು.

“ಪಾಸಾಗಿದ್ಯಲ್ಲ ಸಾರ್. ನಿಮ್ಮನೆ ವಿಳಾಸ ಹೇಳಿ. ಹನಮಂತ ಈಗ್ಲೇ ಈ ಮರಳು ತುಂಬ್ಕೊಂಡ್ ಬರ್ತಾನೆ.”

ಭಾರ್ಗವ ಗುಡ್ಡೆಯಿಂದ ಹಿಂದೆ ಸರಿದು, ಬೂಟಿಗೆ ಅಂಟಿದ ಕೆಂಪು ಮರಳನ್ನು ಕೊಡವಿಕೊಂಡ.